ಲೆಕ್ಕ ಒಂದೇ ಕಡೆ ಇರಬೇಕು



ನಾನು ನಮ್ಮ ಶಾಲಾ ಸಂಸತ್ತಿನ ಆಹಾರ ಮಂತ್ರಿ. ಕಳೆದ ತಿಂಗಳು ಮೊಟ್ಟೆ ಕೊಡುವ ದಿನ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಆ ದಿನ ಬೆಳಿಗ್ಗೆ ಹಾಜರಾತಿ 86 ಎಂದು ನಾನು ಮೂರು ಕಡೆ ಬರೆದೆ: ಜಗುಲಿಯ ಕಪ್ಪುಹಲಗೆ, ಅಡುಗೆಮನೆ ಗೋಡೆ, ಆಫೀಸಿನ ಪುಸ್ತಕ. ಆಮೇಲೆ ಮಳೆಯಲ್ಲಿ ನೆನೆದುಕೊಂಡು ಮೂವರು ತಡವಾಗಿ ಬಂದರು. ಕಪ್ಪುಹಲಗೆಯಲ್ಲಿ 86 ಅಳಿಸಿ 89 ಮಾಡಿದೆ. ಅಡುಗೆಮನೆ ಗೋಡೆ ಮರೆತೇ ಹೋಯ್ತು. ಅಡುಗೆ ಅಕ್ಕ 86 ಮೊಟ್ಟೆ ಬೇಯಿಸಿದರು. ಸಾಲಿನ ಕೊನೆಯ ಮೂವರಿಗೆ ಮೊಟ್ಟೆ ಸಿಗಲಿಲ್ಲ. ಅವರಲ್ಲಿ ಒಬ್ಬ ಎರಡನೇ ಕ್ಲಾಸಿನ ನನ್ನ ತಮ್ಮ. ಎಲ್ಲರೂ ಅಕ್ಕನನ್ನೇ ಅಂದರು. ತಪ್ಪು ನನ್ನದು ಅಂತ ಆಗ ನಾನು ಬಾಯಿ ಬಿಡಲಿಲ್ಲ.

ದಸರಾ ರಜೆಗೆ ದೊಡ್ಡಪ್ಪನ ಮಗ ಅಣ್ಣ ಊರಿಗೆ ಬಂದಿದ್ದ. ಅವನು ಡಿಪ್ಲೊಮಾದಲ್ಲಿ ಕಂಪ್ಯೂಟರ್ ಓದುತ್ತಾನೆ. ಅವನ ಹತ್ತಿರ ಹೇಳಿಕೊಂಡೆ. "ಇದೇ ತಪ್ಪನ್ನ ನಾವೂ ಮಾಡ್ತೀವಿ ಕಣೇ" ಅಂತ ಲ್ಯಾಪ್‌ಟಾಪ್ ತೆಗೆದು ತೋರಿಸಿದ. ಅವನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ವೆಬ್ ಪುಟಗಳಿಗೆ ಜೀವ ಕೊಡುವ ಭಾಷೆ ಜಾವಾಸ್ಕ್ರಿಪ್ಟ್. ಇದನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬವರು ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ಮಾಡಿದರು. ಮೊದಲ ರೂಪಕ್ಕೆ ಹಿಡಿದದ್ದು ಬರೀ 10 ದಿನ! ಒಂದು ಪುಟ ಈ ಗಳಿಗೆಯಲ್ಲಿ ನೆನಪಿಟ್ಟುಕೊಂಡಿರುವ ಸಂಗತಿಗಳಿಗೆ 'ಸ್ಟೇಟ್' ಎನ್ನುತ್ತಾರೆ, ಅಂದರೆ ಸ್ಥಿತಿ. ಯಾರು ಬಂದಿದ್ದಾರೆ, ಯಾವ ಗುಂಡಿ ಒತ್ತಿದೆ, ಏನು ಟೈಪ್ ಮಾಡಿದೆ, ಇವೆಲ್ಲ ಸ್ಥಿತಿಯೇ.

ಅಣ್ಣ ನಮ್ಮ ಹಾಜರಾತಿಗೇ ಒಂದು ಪುಟ ಮಾಡಿದ. ಮೊದಲು ಬೇಕೆಂದೇ ತಪ್ಪಾಗಿ ಮಾಡಿದ. ಮೇಲೆ ಒಟ್ಟು ಸಂಖ್ಯೆ, ಕೆಳಗೆ ಮೊಟ್ಟೆ ಸಂಖ್ಯೆ, ಎರಡನ್ನೂ ಬೇರೆ ಬೇರೆ ಇಟ್ಟ. 'ಬಂದರು' ಗುಂಡಿ ಒತ್ತಿದರೆ ಮೇಲಿನದು 89 ಆಯಿತು, ಕೆಳಗಿನದು 86ರಲ್ಲೇ ನಿಂತಿತು. ನಮ್ಮ ಅಡುಗೆಮನೆ ಗೋಡೆಯ ಹಾಗೇ!

ಆಮೇಲೆ ಸರಿಯಾಗಿ ಮಾಡಿದ. ಈಗ ಇಡುವುದು ಹೆಸರುಗಳ ಪಟ್ಟಿ ಒಂದೇ. ಪ್ರತಿ ಹೆಸರಿನ ಮುಂದೆ ಬಂದಿದ್ದಾರೆ ಅಥವಾ ಬಂದಿಲ್ಲ. ಒಟ್ಟು ಎಷ್ಟು, ಮೊಟ್ಟೆ ಎಷ್ಟು ಎಂಬುದನ್ನು ಎಲ್ಲೂ ಬರೆದಿಡುವುದಿಲ್ಲ. ಪಟ್ಟಿ ಬದಲಾದಾಗಲೆಲ್ಲ ಅದರಿಂದಲೇ ಎಣಿಸಿ ಪರದೆಯ ಮೇಲೆ ತೋರಿಸುತ್ತದೆ. ಆದ್ದರಿಂದ ಎರಡು ಉತ್ತರ ಬರಲು ಸಾಧ್ಯವೇ ಇಲ್ಲ.

ದೊಡ್ಡ ಕಂಪನಿಗಳಿಗೂ ಈ ತೊಂದರೆ ಬಂದಿತ್ತು. ಫೇಸ್‌ಬುಕ್‌ನಲ್ಲಿ ಓದದ ಸಂದೇಶ ಒಂದಿದೆ ಎಂದು ತೋರಿಸುತ್ತಿತ್ತು, ತೆರೆದು ನೋಡಿದರೆ ಹೊಸದೇನೂ ಇರುತ್ತಿರಲಿಲ್ಲ. 2014ರಲ್ಲಿ ಅಲ್ಲಿನ ಇಂಜಿನಿಯರುಗಳೇ ಸಭೆಯಲ್ಲಿ ಇದನ್ನು ಹೇಳಿ, ಫ್ಲಕ್ಸ್ ಎಂಬ ಪದ್ಧತಿಯನ್ನು ವಿವರಿಸಿದರು. 2015ರಲ್ಲಿ ಡ್ಯಾನ್ ಅಬ್ರಮೋವ್ ಮತ್ತು ಆಂಡ್ರ್ಯೂ ಕ್ಲಾರ್ಕ್ ರಿಡಕ್ಸ್ ಮಾಡಿದರು. ಅದರ ನಿಯಮಗಳನ್ನು ನಮ್ಮ ಶಾಲೆಯ ಮಾತಿನಲ್ಲಿ ಹೇಳುತ್ತೇನೆ.

1. ಲೆಕ್ಕದ ಪುಸ್ತಕ ಒಂದೇ. ಅದಕ್ಕೆ 'ಸ್ಟೋರ್' ಎನ್ನುತ್ತಾರೆ.
2. ಯಾರೂ ನೇರವಾಗಿ ಪುಸ್ತಕ ತಿದ್ದಬಾರದು. ಏನಾಯಿತೆಂದು ಚೀಟಿ ಬರೆದು ಕೊಡಬೇಕು. ಆ ಚೀಟಿ 'ಆ್ಯಕ್ಷನ್'.
3. ಚೀಟಿ ನೋಡಿ ಲೆಕ್ಕ ಹೇಗೆ ಬದಲಾಗಬೇಕೆಂದು ಹೇಳುವುದು 'ರಿಡ್ಯೂಸರ್'. ಅದು ಹಳೆಯ ಲೆಕ್ಕವನ್ನು ಅಳಿಸುವುದಿಲ್ಲ, ಹೊಸ ಲೆಕ್ಕ ಮಾಡಿ ಕೊಡುತ್ತದೆ. ಹಳೆಯದನ್ನು ಇಟ್ಟುಕೊಂಡರೆ ತಪ್ಪು ಎಲ್ಲಿ ನುಗ್ಗಿತೆಂದು ಹಿಂದೆ ಹೋಗಿ ನೋಡಬಹುದು.

ಚಿಕ್ಕ ಪುಟಕ್ಕೆ ರಿಡಕ್ಸ್ ಬೇಕಾಗಿಲ್ಲ, ಪಟ್ಟಿ ಒಂದೇ ಕಡೆ ಇದ್ದರೆ ಸಾಕು ಅಂತ ಅಣ್ಣ ಹೇಳಿದ.

ಇನ್ನೊಂದು ವಿಷಯ. ನಾನು ಪುಟವನ್ನು ರಿಫ್ರೆಶ್ ಮಾಡಿದೆ. ಒತ್ತಿದ್ದೆಲ್ಲ ಮಾಯ! ಅದು ಬರೀ ಮೆಮೊರಿಯಲ್ಲಿತ್ತು. ಬ್ರೌಸರಿನ 'ಲೋಕಲ್ ಸ್ಟೋರೇಜ್'ನಲ್ಲಿ ಬರೆದಿಟ್ಟರೆ ಪುಟ ಮುಚ್ಚಿ ತೆರೆದರೂ ಇರುತ್ತದೆ. ಆದರೆ ಅದು ಆ ಯಂತ್ರದ ಆ ಬ್ರೌಸರಿನಲ್ಲಿ ಮಾತ್ರ. ಅಡುಗೆಮನೆಯ ಫೋನಿನಲ್ಲೂ ಕಾಣಬೇಕಾದರೆ ಲೆಕ್ಕವನ್ನು ಸರ್ವರಿನಲ್ಲಿ ಇಡಬೇಕು.

ನಮ್ಮ ಶಾಲೆಗೆ ಅಷ್ಟೆಲ್ಲ ಬೇಡ. ರಜೆ ಮುಗಿದ ಮೇಲೆ ಗುರುಗಳನ್ನು ಕೇಳಿ ಗೋಡೆಯ ಲೆಕ್ಕ, ಹಲಗೆಯ ಲೆಕ್ಕ ಎರಡನ್ನೂ ಅಳಿಸಿದೆ. ಈಗ ಪುಸ್ತಕ ಒಂದೇ. ತಡವಾಗಿ ಬಂದವರು ನನಗೆ ಚೀಟಿ ಕೊಡುತ್ತಾರೆ. ಮೊಟ್ಟೆ ಹಾಕುವ ಮೊದಲು ಅಕ್ಕ ಪುಸ್ತಕವನ್ನೇ ನೋಡುತ್ತಾರೆ. ಪುಸ್ತಕ ಕೊಡುವಾಗ ನಾನು, "ಅವತ್ತು ತಪ್ಪು ನಂದು ಅಕ್ಕಾ" ಅಂದೆ. "ಗೊತ್ತಿತ್ತು ಬಿಡವ್ವಾ" ಅಂದರು.

ಅವರಿಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆದೆ.

ಓದುಗರಿಗೆ ಪ್ರಶ್ನೆ: ನಮ್ಮ ಶಾಲೆಯಲ್ಲಿ ಒಂದೇ ಲೆಕ್ಕವನ್ನು ಎರಡು ಕಡೆ ಬರೆಯುವುದು ಇನ್ನೂ ಎಲ್ಲೆಲ್ಲಿದೆ? ಹುಡುಕಿ, ಚೀಟಿಯಲ್ಲಿ ಬರೆದು ನನಗೆ ಕೊಡಿ. ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು.

– ಆಹಾರ ಮಂತ್ರಿ, 7ನೇ ತರಗತಿ