ಪ್ರೇಕ್ಷಕರಿಲ್ಲದ ರಂಗಮಂದಿರ

ರಂಗಮಂದಿರವೆಂದರೆ ನಾಲ್ಕು ಗೋಡೆ, ಒಂದು ವೇದಿಕೆ, ಕೆಲವು ಸಾಲು ಕುರ್ಚಿಗಳು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಭರತಮುನಿಯ ಎಣಿಕೆ ಬೇರೆ. ಪ್ರಯೋಗದ ಸಿದ್ಧಿಯನ್ನು ಕುರಿತೇ ನಾಟ್ಯಶಾಸ್ತ್ರದಲ್ಲಿ ಒಂದು ಅಧ್ಯಾಯವಿದೆ. ಅಲ್ಲಿ ನಾಟಕ ಗೆದ್ದಿತೇ ಸೋತಿತೇ ಎಂಬುದಕ್ಕೆ ಒರೆಗಲ್ಲು ಪ್ರೇಕ್ಷಕರೇ: ಅವರ ಮುಗುಳ್ನಗೆ, ಗಟ್ಟಿ ನಗು, ಮೆಚ್ಚುಗೆಯ ಉದ್ಗಾರ, ರೋಮಾಂಚ. ಪ್ರಯೋಗಕ್ಕೆ ಒದಗುವ ವಿಘ್ನಗಳನ್ನೂ ಅಲ್ಲಿಯೇ ಪಟ್ಟಿ ಮಾಡಲಾಗಿದೆ. ಗಾಳಿ, ಬೆಂಕಿ, ಮಳೆ, ಆನೆ, ಹಾವು ಇವೆಲ್ಲ ಅದರಲ್ಲಿ ಬರುತ್ತವೆ. ಆದರೆ ಪ್ರೇಕ್ಷಕರು ಒಂದೆಡೆ ಕೂಡುವುದೇ ವಿಘ್ನವಾದೀತೆಂಬ ಮಾತು ಅಲ್ಲಿಲ್ಲ. 2020ರಲ್ಲಿ ಕೊರೋನಾ ತಂದೊಡ್ಡಿದ್ದು ಅಂಥ ವಿಘ್ನವನ್ನು.

ನಮ್ಮ ತುಮಕೂರು ಸೀಮೆಗೆ ಅದು ಬಂದ ಗಳಿಗೆಯನ್ನು ಗಮನಿಸಬೇಕು. ಊರ್ಡಿಗೆರೆ, ಗುಬ್ಬಿ, ಕುಣಿಗಲ್ಲುಗಳ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಶಿವರಾತ್ರಿ ಕಳೆಯಿತೆಂದರೆ ಆಟದ ಕಾಲ ಮೊದಲಾಗುತ್ತದೆ. ಒಂದೆಡೆ ಮೂಡಲಪಾಯದ ಬಯಲಾಟ, ಇನ್ನೊಂದೆಡೆ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ. ಈ ನಾಟಕಗಳ ವ್ಯವಸ್ಥೆಯೂ ವಿಶಿಷ್ಟವಾದದ್ದು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಪಾತ್ರಧಾರಿಗಳು ಕೃಷ್ಣನಿಗಿಷ್ಟು, ಭೀಮನಿಗಿಷ್ಟು ಎಂದು ತಾವೇ ಹಣ ಹಾಕಿಕೊಳ್ಳುತ್ತಾರೆ. ಸೀನರಿ, ವೇಷಭೂಷಣ, ದೀಪ ಎಲ್ಲವೂ ಬಾಡಿಗೆಗೆ ಬರುತ್ತವೆ. 2020ರ ಯುಗಾದಿ ಬಂದದ್ದು ಮಾರ್ಚ್ 25ರಂದು. ದೇಶಾದ್ಯಂತ ಲಾಕ್‌ಡೌನ್ ಮೊದಲಾದದ್ದೂ ಅದೇ ದಿನ. ಕಲಿತ ಪದ ಬಾಯಲ್ಲೇ ಉಳಿಯಿತು. ಪಾತ್ರ ಕಟ್ಟುವವನಿಗೆ ಹೊಲವೋ ಅಂಗಡಿಯೋ ಇದ್ದೀತು. ಆದರೆ ಮೇಷ್ಟರು, ಸೀನರಿಯವರು, ಬಣ್ಣ ಹಚ್ಚುವವರು ವರ್ಷದ ಅನ್ನವನ್ನು ದುಡಿದುಕೊಳ್ಳುವುದು ಈ ಮೂರು ನಾಲ್ಕು ತಿಂಗಳಲ್ಲಿಯೇ.

ಪಿಡುಗು ರಂಗಭೂಮಿಗೆ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. 2020ರಲ್ಲಿ ಸರ್ಕಾರಗಳು ಆಶ್ರಯಿಸಿದ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಪ್ಲೇಗಿನ ಕಾಲದ್ದೇ, ಅದು 1897ರದು. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿಯಂಥ ಸಂಚಾರಿ ಮಂಡಳಿಗಳಿಗೆ ಒಂದು ಅನುಕೂಲವಿತ್ತು. ಒಂದು ಊರು ಮುಚ್ಚಿದರೆ ಇನ್ನೊಂದು ಊರು ತೆರೆದಿರುತ್ತಿತ್ತು. ಷೇಕ್ಸ್‌ಪಿಯರನ ಕಾಲದಲ್ಲಿಯೂ ಲಂಡನ್ನಿನ ನಾಟಕಶಾಲೆಗಳು ಪ್ಲೇಗಿನಿಂದ ಮುಚ್ಚಿದಾಗ ಮಂಡಳಿಗಳು ಹೊರಗಿನ ಊರುಗಳಿಗೆ ಹೊರಡುತ್ತಿದ್ದವು. 1604ರಲ್ಲಿ ಅವನ ಮಂಡಳಿಯ ಜೀವನೋಪಾಯಕ್ಕೆಂದು ದೊರೆ ಜೇಮ್ಸನು 30 ಪೌಂಡು ಕೊಡಿಸಿದ. ಕರ್ನಾಟಕ ಸರ್ಕಾರವೂ 2021ರ ಮೇ ತಿಂಗಳಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿಗಳ ನೆರವನ್ನು ಘೋಷಿಸಿತು. ಆದರೆ ಈ ಸಲ ಹೋಗಲು ಇನ್ನೊಂದು ಊರಿರಲಿಲ್ಲ. ಎಲ್ಲ ಊರೂ ಒಟ್ಟಿಗೆ ಮುಚ್ಚಿದ್ದವು.

ಹೀಗಿರುವಾಗ ಒಂದು ಕಲಾಕೇಂದ್ರ ತನ್ನ ಕಾರ್ಯಕ್ರಮಗಳನ್ನು ಹೇಗೆ ನಡೆಸಬೇಕು? ಅದಕ್ಕೆ ಕಂಡುಬಂದ ದಾರಿಗಳು ಮುಖ್ಯವಾಗಿ ಮೂರು: ಜನವನ್ನು ಕಡಿಮೆ ಮಾಡುವುದು, ಹೊತ್ತನ್ನು ಮೊಟಕು ಮಾಡುವುದು, ಆಟವನ್ನು ತೆರೆಯ ಮೂಲಕ ಮನೆಗೆ ಕಳಿಸುವುದು.

ಮೊದಲನೆಯದಕ್ಕೆ 2020ರ ಮೈಸೂರು ದಸರೆಯೇ ನಿದರ್ಶನ. ಯುವದಸರೆ ರದ್ದಾಯಿತು, ಸಂಗೀತ, ನೃತ್ಯಗಳು ಅರಮನೆಯ ಮುಂದಿನ ವೇದಿಕೆಗೆ ಸೀಮಿತವಾದವು, ಬನ್ನಿಮಂಟಪದವರೆಗೆ ಸಾಗಬೇಕಾದ ಜಂಬೂಸವಾರಿ ಅರಮನೆಯ ಆವರಣದಲ್ಲಿಯೇ ಮುಗಿಯಿತು. ಉಳಿದವರೆಲ್ಲ ಮನೆಯಲ್ಲಿ ಕುಳಿತು ನೋಡಿದರು. ಅದೇ ಅಕ್ಟೋಬರಿನಲ್ಲಿ ಚಿತ್ರಮಂದಿರ, ರಂಗಮಂದಿರಗಳಿಗೆ ಅರ್ಧದಷ್ಟು ಆಸನಗಳ ಅನುಮತಿ ದೊರೆಯಿತು. ಕಲೆಗೆ ಇದರಿಂದ ದೊಡ್ಡ ನಷ್ಟವಿಲ್ಲ. ಮಂದಿರ ತೀರ ದೊಡ್ಡದಾದರೆ ನಟನ ಮಾತೂ ಮುಖಭಾವವೂ ಮಸುಕಾಗುತ್ತವೆಂದು ಭರತನೇ ಎಚ್ಚರಿಸಿದ್ದಾನೆ. ನಷ್ಟವೆಲ್ಲ ಲೆಕ್ಕದ ಪುಸ್ತಕದಲ್ಲಿ. ಕುರ್ಚಿ ಅರ್ಧವಾದರೂ ಬಾಡಿಗೆ ಅರ್ಧವಾಗುವುದಿಲ್ಲ, ದೀಪದ ಖರ್ಚೂ ಅರ್ಧವಾಗುವುದಿಲ್ಲ.

ಹೊತ್ತನ್ನು ಮೊಟಕು ಮಾಡುವುದು ಇನ್ನೂ ಕಠಿನ. 2021ರ ಡಿಸೆಂಬರ್ ಕೊನೆಯಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ಕರ್ಫ್ಯೂ ಬಂದಿತು. ಇರುಳೆಲ್ಲ ಆಡುವ ಆಟವನ್ನು ಮೂರು ಗಂಟೆಗೆ ಇಳಿಸಬೇಕಾದರೆ ಕತೆಯನ್ನು ಕತ್ತರಿಸುವುದು ಸುಲಭ. ಆದರೆ ಯಾರ ಪದವನ್ನು ಕತ್ತರಿಸಬೇಕು? ನಮ್ಮ ‘ಕುರುಕ್ಷೇತ್ರ’ದಲ್ಲಿ ಪ್ರತಿ ಪಾತ್ರಧಾರಿಯೂ ಹಣ ಕೊಟ್ಟು ತನ್ನ ಹಾಡಿನ ಹಕ್ಕನ್ನು ಪಡೆದವನು. ಕರ್ಣನ ಎರಡು ಪದ ಬಿಟ್ಟರೆ ಕರ್ಣನಾದವನು ಸುಮ್ಮನಿರುವನೆ? ಸಂಕ್ಷೇಪವೆಂಬುದು ಇಲ್ಲಿ ಬರಿಯ ಸಂಪಾದನೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು. ಆಪತ್ಕಾಲದಲ್ಲಿ ಅವಸರವಾಗಿ ಕತ್ತರಿಸುವ ಬದಲು, ಮೇಷ್ಟರೂ ಪಾತ್ರಧಾರಿಗಳೂ ಕುಳಿತು ಒಪ್ಪಿದ ಕಿರಿಯ ಪಾಠವೊಂದನ್ನು ಮೊದಲೇ ಸಿದ್ಧಪಡಿಸಿಕೊಂಡಿರುವುದು ಯುಕ್ತ.

ಮೂರನೆಯದು ತೆರೆ. ನಾಟಕವನ್ನು ಚಿತ್ರೀಕರಿಸಿ ಮೊಬೈಲಿಗೆ ಮುಟ್ಟಿಸುವುದರಿಂದ ದೂರದ ಊರಿನವರೂ ನಮ್ಮ ಆಟವನ್ನು ನೋಡುವಂತಾಯಿತು. ಅದು ಲಾಭವೇ. ಆದರೆ ಕಂಪನಿ ನಾಟಕದಲ್ಲಿ ಜನ ‘ಒನ್ಸ್ ಮೋರ್’ ಎಂದು ಕೂಗಿದಾಗ ನಟ ಅದೇ ಪದವನ್ನು ಮತ್ತೆ ಹಾಡುತ್ತಿದ್ದ. ಎರಡನೆಯ ಸಲದ ಹಾಡು ಮೊದಲಿನದರಂತೆ ಇರುತ್ತಿರಲಿಲ್ಲ. ಆ ಕೂಗು ತೆರೆಯಿಂದ ಹಿಂದಕ್ಕೆ ಬರುವುದಿಲ್ಲ. ಕಲೆ ಪ್ರೇಕ್ಷಕನಿಗೆ ಮುಟ್ಟಿತು; ಪ್ರೇಕ್ಷಕ ಕಲಾವಿದನಿಗೆ ಮುಟ್ಟಲಿಲ್ಲ. ಈ ಮಾತುಗಳನ್ನು ಬಾನುಲಿಯಲ್ಲಿ ಆಡುತ್ತಿರುವ ನನ್ನ ಎದುರಿಗೂ ಮೈಕಿನ ಹೊರತು ಬೇರೆ ಯಾರೂ ಇಲ್ಲ. ಆದರೆ ಬಾನುಲಿ ಈ ಕೊರತೆಯನ್ನು ಬಹಳ ಹಿಂದೆಯೇ ಅರಿಯಿತು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಕಾಲದಿಂದ ಕನ್ನಡದಲ್ಲಿ ಬೆಳೆದುಬಂದ ಬಾನುಲಿ ನಾಟಕ, ರಂಗನಾಟಕದ ಮುಂದೆ ಮೈಕನ್ನು ಇರಿಸಿದ್ದಲ್ಲ, ಕಿವಿಗೆಂದೇ ಬರೆದದ್ದು. ಹಾಗೆಯೇ ತೆರೆಗೆ ಕಳಿಸುವ ನಾಟಕವನ್ನು ತೆರೆಗೆಂದೇ ಕಟ್ಟಬೇಕು; ವೇದಿಕೆಯ ಆಟದ ಪ್ರತಿಬಿಂಬವನ್ನು ಆಟವೆಂದು ನಂಬಿಸಬಾರದು.

ಈ ಮೂರು ದಾರಿಗಳೂ ಪ್ರದರ್ಶನದ ಮಾತಾಯಿತು. ಆದರೆ ಪ್ರದರ್ಶನವೇ ಸಾಧ್ಯವಾಗದ ತಿಂಗಳುಗಳೂ ಇದ್ದವು. ಆಗ ಕಲಾಕೇಂದ್ರದ ಕಾರ್ಯಕ್ರಮವೆಂದರೆ ಕಲೆಯನ್ನು ಬಲ್ಲವರನ್ನು ಕಾಪಾಡುವುದೇ ಎಂದು ನಾನು ಭಾವಿಸುತ್ತೇನೆ. ಮೇಷ್ಟರಿಂದ ನಾಲ್ವರು ಹುಡುಗರಿಗೆ ಪಾಠ ಹೇಳಿಸಿ ಸಂಭಾವನೆ ಕೊಡಬಹುದು. ಬಯಲಾಟದ ಮಟ್ಟುಗಳನ್ನು ಹಿರಿಯರ ಬಾಯಿಂದ ಧ್ವನಿಮುದ್ರಿಸಿಕೊಳ್ಳಬಹುದು. ಹರಿದ ಪರದೆಗಳನ್ನು ಸೀನರಿಯವರಿಂದಲೇ ಬರೆಸಬಹುದು. ಇವಕ್ಕೆ ಪ್ರೇಕ್ಷಕರು ಬೇಕಿಲ್ಲ. ಒಳ್ಳೆಯ ಕಾಲದಲ್ಲಿ ಕೂಡಿಟ್ಟ ಒಂದು ಸಣ್ಣ ನಿಧಿ ಬೇಕು. ಪ್ರತಿ ಪ್ರದರ್ಶನದ ಬಾಡಿಗೆಯಿಂದ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಡುವುದು ಯಾವ ರಂಗಮಂದಿರಕ್ಕೂ ಅಸಾಧ್ಯವಲ್ಲ.

2022ರ ಫೆಬ್ರವರಿಯಲ್ಲಿ ಎಲ್ಲ ಆಸನಗಳಿಗೂ ಮತ್ತೆ ಅನುಮತಿ ದೊರೆಯಿತು. ಪರದೆ ಎದ್ದಿತು, ಜನ ಬಂದರು. ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ನಮ್ಮ ಹಳ್ಳಿಗಳಲ್ಲಿ ಆಟದ ಬಯಲುಗಳಿವೆ. ಕಟ್ಟಡ ಎರಡು ವರ್ಷ ಬೀಗ ಹಾಕಿಕೊಂಡು ಕಾಯಬಲ್ಲದು. ಹಾರ್ಮೋನಿಯಮ್ಮನ್ನು ಅಡವಿಟ್ಟು ಕೂಲಿಗೆ ಹೊರಡಬೇಕಾದ ಮೇಷ್ಟರು ಅಷ್ಟು ಕಾಲ ಕಾಯಲಾರರು. ಮುಂದೊಂದು ಪಿಡುಗು ಬರುವುದಾದರೆ ನಮ್ಮ ಕಲಾಕೇಂದ್ರಗಳ ಮೊದಲ ಯೋಚನೆ ಅವರನ್ನು ಕುರಿತದ್ದಾಗಿರಲಿ.