ಬೆದೆ ತಪ್ಪಿದರೆ ಮೂರು ವಾರ

ಬೇ ಏರಿಯಾ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕಂಪನಿಗಳು. ಆದರೆ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಒಂದು ಗಂಟೆ ಹೋದರೆ, ಪೆಟಲೂಮಾ ಸುತ್ತಮುತ್ತ ಹಸುಗಳು ಮೇಯುತ್ತಿರುತ್ತವೆ. ನಮ್ಮಲ್ಲಿ ಕೆಲವರ ಊರಿನ ಮನೆಯಲ್ಲೂ ಹಸು ಉಂಟು. ಫೋನ್ ಮಾಡಿದಾಗ "ಇಂಜೆಕ್ಷನ್ ಕೊಡಿಸಿದ್ವಿ, ಗಬ್ಬ ನಿಲ್ಲಲಿಲ್ಲ" ಅನ್ನೋ ಮಾತು ಕೇಳ್ತೀವಿ. ಎಷ್ಟೋ ಸಲ ಅಲ್ಲಿ ತಪ್ಪಿರುವುದು ಸಮಯ.

ಕೃತಕ ಗರ್ಭಧಾರಣೆ ನಮ್ಮವರಿಗೆ ಹೊಸದಲ್ಲ. ಭಾರತದಲ್ಲಿ ಇದನ್ನು ಮೊದಲು ಮಾಡಿದ್ದೇ ಮೈಸೂರಿನಲ್ಲಿ. 1939ರಲ್ಲಿ ಅರಮನೆಯ ಡೈರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಹಸುಗಳಿಗೆ ಗರ್ಭಧಾರಣೆ ಮಾಡಿದರು. 33 ಹಸುಗಳು ಗಬ್ಬ ನಿಂತವು. ಈಗ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ವೀರ್ಯವನ್ನು ಸಣ್ಣ ನಳಿಕೆಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಾಡುತ್ತಾರೆ. ನಳಿಕೆ ವರ್ಷಗಟ್ಟಲೆ ಕಾಯುತ್ತದೆ, ಹಸು ಕಾಯುವುದಿಲ್ಲ.

ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು ಹೆಚ್ಚೆಂದರೆ 12ರಿಂದ 18 ಗಂಟೆ. ಅಂಡ ಹೊರಬರುವುದು ಬೆದೆ ಮುಗಿದು ಸುಮಾರು 10–12 ಗಂಟೆ ಆದ ಮೇಲೆ, ಮತ್ತು ಅದು ಬದುಕುವುದು ಕೆಲವೇ ಗಂಟೆ. ವೀರ್ಯಾಣು ಅಷ್ಟರೊಳಗೆ ಅಲ್ಲಿಗೆ ತಲುಪಿ ಸಿದ್ಧವಾಗಿರಬೇಕು. ಅದಕ್ಕೇ ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೊಡಿಸಬೇಕು ಅನ್ನೋ ರೂಢಿ. ತಪ್ಪಿದರೆ ಮತ್ತೆ ಮೂರು ವಾರ ಮೇವಿನ ಖರ್ಚು. ಕರುವೂ ಹಾಲೂ ಅಷ್ಟೇ ಮುಂದಕ್ಕೆ.

ಹಾಗಾದರೆ ಬೆದೆ ಗೊತ್ತಾಗೋದು ಹೇಗೆ? ಬೇರೆ ಹಸು ಮೇಲೆ ಹತ್ತಿದಾಗ ಅಲುಗದೆ ನಿಂತರೆ ಅದೇ ಖಚಿತ ಗುರುತು. ಇಲ್ಲಿನ ದೊಡ್ಡ ಹಿಂಡಿನಲ್ಲಿ ಬಾಲದ ಬುಡಕ್ಕೆ ಬಣ್ಣ ಬಳಿದಿರುತ್ತಾರೆ. ಅದು ಉಜ್ಜಿ ಹೋಗಿದ್ದರೆ ಹಸು ಬೆದೆಯಲ್ಲಿದೆ ಅಂತ ಅನುಮಾನ. ಕೊರಳಿಗೋ ಕಾಲಿಗೋ ಕಟ್ಟಿದ ಸೆನ್ಸರ್, ಹಸು ಎಂದಿಗಿಂತ ಹೆಚ್ಚು ಓಡಾಡಿದರೆ ಸೂಚನೆ ಕೊಡುತ್ತದೆ.

ನಮ್ಮೂರಿನ ಕೊಟ್ಟಿಗೆಯಲ್ಲಿ ಒಂದೋ ಎರಡೋ ಹಸು, ಅದೂ ಕಟ್ಟಿ ಹಾಕಿದ್ದು. ಹತ್ತಲು ಜೊತೆಯಿಲ್ಲ, ಓಡಾಡಲು ಜಾಗವಿಲ್ಲ. ಹಾಗಾಗಿ ಇಲ್ಲಿನ ಸೆನ್ಸರನ್ನು ಹಾಗೇ ಒಯ್ದರೆ ಅಲ್ಲಿ ಪೂರ್ತಿ ಕೆಲಸಕ್ಕೆ ಬಾರದು. ಅಲ್ಲಿ ನೋಡಬೇಕಾದದ್ದು ಬೇರೆ: ಪದೇ ಪದೇ ಕೂಗುವುದು, ಮೇವು ಬಿಡುವುದು, ಹಾಲು ಇಳಿಯುವುದು, ಆಗಾಗ ಗಂಜಲ ಹೊಯ್ಯುವುದು, ಗಾಜಿನಂತೆ ತಿಳಿಯಾದ ಲೋಳೆ ಇಳಿಯುವುದು. ಕೆಲವು ಹಸು, ಅದರಲ್ಲೂ ಎಮ್ಮೆ, ಬೇಸಿಗೆಯಲ್ಲಿ ಕೂಗದೆ ಮೂಕ ಬೆದೆಗೆ ಬರುತ್ತವೆ.

ಆಪ್ ಮಾಡೋ ಆಸೆ ನಮ್ಮಲ್ಲಿ ಅನೇಕರಿಗೆ ಇದೆ. ಅದಕ್ಕೂ ಮೊದಲು ಮನೆಯವರಿಗೆ ಒಂದು ಮಾತು ಹೇಳಬಹುದು: ಬೆದೆ ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 18ನೇ ದಿನದಿಂದ 24ನೇ ದಿನದವರೆಗೆ ಬೆಳಗ್ಗೆ, ಸಂಜೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಕೊಟ್ಟಿಗೆಗೆ ಹೋಗಿ ನೋಡಿ. ಮತ್ತೆ ಬೆದೆ ಕಾಣದಿದ್ದರೂ ಗಬ್ಬ ಅಂತ ನಂಬಿ ಕೂರಬೇಡಿ. ಎರಡು ಮೂರು ತಿಂಗಳಿಗೆ ಪಶುವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿ.