ಕಾರಿನ ಒಳದೀಪಕ್ಕೆ ಎಲ್‌ಇಡಿ ಹಾಕುವ ಮುನ್ನ

ರಾತ್ರಿ ಹೊತ್ತು ಕಾರಿನ ಸೀಟಿನ ಸಂದಿಗೆ ಕಿವಿಯೋಲೆ ಬಿದ್ದರೆ, ಮೇಲೆ ದೀಪ ಉರಿಯುತ್ತಿದ್ದರೂ ನಾವು ಮೊಬೈಲ್ ಟಾರ್ಚ್ ಹಚ್ಚಿಯೇ ಹುಡುಕುತ್ತೇವೆ. ತುಸು ಹಳೆಯ ಕಾರುಗಳ ಚಾವಣಿಯಲ್ಲಿ ಇರುವುದು 5 ಅಥವಾ 10 ವಾಟಿನ ತಂತಿ ಬಲ್ಬು. ಅದು ಎಳೆದುಕೊಳ್ಳುವ ವಿದ್ಯುತ್ತಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ. ದೀಪದ ಪ್ಲಾಸ್ಟಿಕ್ ಮುಚ್ಚಳ ಹಳದಿಗಟ್ಟಿ ಸೊಟ್ಟಗಾಗುವುದಕ್ಕೆ ಈ ಶಾಖವೂ ಒಂದು ಕಾರಣ.

ಎಲ್‌ಇಡಿ ಹಾಕಿಸುವವರು ಬೆಳಕಿನ ಆಸೆಗೆ ಹಾಕಿಸುತ್ತಾರೆ. ನನ್ನ ಲೆಕ್ಕದಲ್ಲಿ ಲಾಭ ಇರುವುದು ಬ್ಯಾಟರಿಯಲ್ಲಿ. 10 ವಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೆಯುತ್ತದೆ. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದು ಎಂದಿಟ್ಟುಕೊಳ್ಳಿ. ಶನಿವಾರ ರಾತ್ರಿ ಬಾಗಿಲು ಸರಿಯಾಗಿ ಕೂರದೆ ದೀಪ ಉರಿದೇ ಉಳಿದರೆ ಸೋಮವಾರ ಬೆಳಿಗ್ಗೆಗೆ ಹೆಚ್ಚುಕಡಿಮೆ ಎಲ್ಲವೂ ಖಾಲಿ. ಪಕ್ಕದ ಮನೆಯವರನ್ನು ಕರೆದು ಗಾಡಿ ತಳ್ಳಿಸಬೇಕು. ಒಂದು ವಾಟಿನ ಎಲ್‌ಇಡಿ ಇದ್ದಿದ್ದರೆ ಅಷ್ಟೇ ಹೊತ್ತಿಗೆ ಮೂರು ಆಂಪಿಯರ್-ಗಂಟೆ ಕರಗುತ್ತಿತ್ತು, ಕಾರು ತಕರಾರಿಲ್ಲದೆ ಸ್ಟಾರ್ಟ್ ಆಗುತ್ತಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗೆ ಹೋಗುವಾಗ ಹಳೆಯ ಬಲ್ಬನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೇ ಹೋಗಿ. ಚಾವಣಿಯ ದೀಪದಲ್ಲಿ ಹೆಚ್ಚಾಗಿ ಇರುವುದು ಎರಡು ತುದಿಗೂ ಲೋಹದ ಟೊಪ್ಪಿಯಿರುವ ಉದ್ದನೆಯ ಬಲ್ಬು. ಇದರಲ್ಲಿ 31, 36, 39, 41 ಮಿಲಿಮೀಟರ್ ಹೀಗೆ ಹಲವು ಅಳತೆಗಳಿವೆ. ಮೂರು ಮಿಲಿಮೀಟರ್ ಗಿಡ್ಡವಾದರೂ ಹಿಡಿತ ಸಡಿಲವಾಗಿ, ರಸ್ತೆಯ ಪ್ರತಿ ಗುಂಡಿಗೂ ದೀಪ ಮಿಟುಕುತ್ತದೆ. ಇನ್ನೊಂದು ಬಗೆ, ಬುಡ ಚಪ್ಪಟೆಯಾದ ಟಿ-10. ಓದುವ ದೀಪ, ಡಿಕ್ಕಿಯ ದೀಪಗಳಲ್ಲಿ ಇದು ಸಿಗುತ್ತದೆ.

ಅಳತೆ ಸರಿಹೋದ ಮೇಲೆ ಬಣ್ಣ. ಬಹುಪಾಲು ಜನ ಎಡವುವುದು ಇಲ್ಲೇ. ಅಂಗಡಿಯವರು ಮೊದಲು ಮುಂದಿಡುವುದು 6000 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ. ಬಿಳಿ ಎಲ್‌ಇಡಿ ಮೂಲತಃ ನೀಲಿ ಎಲ್‌ಇಡಿಯೇ. ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್ ಲೇಪವಿರುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಪ್ರಖರವಾದ ನೀಲಿ ಕೈಗೆಟುಕಲು ಮತ್ತೆ ಮೂರು ದಶಕ ಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ, ಶುಜಿ ನಕಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು.

ಆ ನೀಲಿಯೇ ರಾತ್ರಿ ಚಾಲಕನಿಗೆ ತೊಡಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು, ಅದನ್ನು ಕೆಡಿಸಲು ಒಂದು ಕ್ಷಣ ಸಾಕು. ಕತ್ತಲಲ್ಲಿ ನೋಡಲು ನೆರವಾಗುವ ಕೋಶಗಳನ್ನು ಬೇಗ ಕೆಣಕುವುದು ನೀಲಿ-ಹಸಿರು ಕಡೆಯ ಬೆಳಕು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಿಂದೆ ಕೂತವರು ನೀರಿನ ಬಾಟಲಿಗೆಂದು ಸ್ವಿಚ್ ಒತ್ತಿದರೆ ಮುಂದಿನ ಗಾಜಿನಲ್ಲಿ ರಸ್ತೆಯ ಬದಲು ಸೀಟು, ಮುಖಗಳೇ ಕಾಣುತ್ತವೆ. ಆದ್ದರಿಂದ 3000 ಕೆಲ್ವಿನ್ ಆಸುಪಾಸಿನ, ಕಡಿಮೆ ವಾಟಿನ ಎಲ್‌ಇಡಿಯನ್ನೇ ಕೇಳಿ. ಮದುವೆ ಮಂಟಪದಂತೆ ಜಗಮಗಿಸುವ ಕಾರು ನಿಂತಾಗ ಚೆಂದ, ಓಡಿಸುವವನಿಗೆ ಕಷ್ಟ.

ಹಾಕುವ ಕೆಲಸ ಸುಲಭ. ದೀಪ ಆರಿಸಿ, ಬಲ್ಬು ತಣ್ಣಗಾಗಲಿ; ಒಳದೀಪದ ಫ್ಯೂಸ್ ತೆಗೆದಿಟ್ಟರೆ ಇನ್ನೂ ಕ್ಷೇಮ. ಅನೇಕ ಕಾರುಗಳಲ್ಲಿ ಹೋಲ್ಡರಿನ ಒಂದು ಬದಿಗೆ ಸದಾ ಕರೆಂಟ್ ಇರುತ್ತದೆ, ಸ್ವಿಚ್ ಇರುವುದು ಅರ್ಥ್ ಕಡೆಗೆ. ಕಬ್ಬಿಣದ ಸ್ಕ್ರೂಡ್ರೈವರ್ ಜಾರಿ ಆ ತಗಡಿಗೂ ಕಾರಿನ ಬಾಡಿಗೂ ಒಟ್ಟಿಗೆ ತಾಗಿದರೆ ಫ್ಯೂಸ್ ಹೋಯಿತೆಂದೇ ಲೆಕ್ಕ. ಮುಚ್ಚಳ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ ಸಾಕು. ಹೊಸದನ್ನು ಕೂರಿಸಿದ ಮೇಲೆ ಉರಿಯದಿದ್ದರೆ ತಿರುಗಿಸಿ ಹಾಕಿ ನೋಡಿ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸಿನ ಭೇದವಿದೆ. ವೈರು ಎಳೆದು ಅಲಂಕಾರದ ಪಟ್ಟಿ ಅಂಟಿಸುವ ಉಮೇದು ಬಂದರೆ ಮುಂಗಾಜಿನ ಪಕ್ಕದ ಕಂಬದ ಹೊದಿಕೆಗೆ ಕೈ ಹಾಕಬೇಡಿ. ಪಕ್ಕದ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದರ ಭಾಗಗಳು ಅಲ್ಲೇ ಹಾದುಹೋಗಿರುತ್ತವೆ.

ಕೆಲವು ಕಾರುಗಳಲ್ಲಿ ದೀಪ ಆರಿಸಿದ ಮೇಲೂ ಎಲ್‌ಇಡಿ ಮಿಣುಕುತ್ತಲೇ ಇರುತ್ತದೆ. ದೀಪಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ ಸೋರುವ ಅತಿಸಣ್ಣ ಕರೆಂಟು ತಂತಿ ಬಲ್ಬಿಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕಾಗುತ್ತದೆ. ಇದಕ್ಕೆ ಅಂಗಡಿಯಲ್ಲಿ ರೆಸಿಸ್ಟರ್ ಜೋಡಿಸಿದ ಎಲ್‌ಇಡಿ ಮಾರುತ್ತಾರೆ. ರೆಸಿಸ್ಟರ್ ಹೆಚ್ಚು ಕರೆಂಟ್ ಎಳೆಯುವಂಥದ್ದಾದರೆ ಬಿಸಿಯೂ ಏರಿ, ಬೇಡವೆಂದು ಬಿಟ್ಟ ಶಾಖ ಮರಳಿ ಬರುತ್ತದೆ. ಮುಂದಿನ ಮತ್ತು ಹಿಂದಿನ ದೀಪಗಳು ಒಂದೇ ವೈರಿನಲ್ಲಿದ್ದರೆ ಎರಡರಲ್ಲೊಂದು ಹಳೆಯ ಬಲ್ಬನ್ನು ಅಲ್ಲೇ ಉಳಿಸಿ. ಸೋರುವ ಕರೆಂಟು ಅದರ ಮೂಲಕ ಹರಿದುಹೋಗಿ ಎಲ್‌ಇಡಿಯ ಮಿಣುಕು ನಿಲ್ಲುತ್ತದೆ, ಕಾಸೂ ಖರ್ಚಾಗುವುದಿಲ್ಲ.